ಟಿಡಿಎಸ್ ಮೀಟರ್‌ಗೆ ಕಾಣದ್ದು ಮೀನಿಗೆ ಗೊತ್ತಾಗುತ್ತದೆ

ಗದಗ-ಬೆಟಗೇರಿಯಲ್ಲಿ ನೀರಿನ ಮಾತು ಬಂದ್ರೆ ಮೊದಲ ಪ್ರಶ್ನೆ "ನಳ ಯಾವಾಗ ಬರ್ತದ?", ಎರಡನೇದು "ಟಿಡಿಎಸ್ ಎಷ್ಟು?" ನಮ್ಮ ರೂಮಿನಲ್ಲೂ ಒಂದು ಮೀಟರ್ ಇದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೆ ರಜೆಗೆ ಹೋದವರೆಲ್ಲ ಒಂದೊಂದು ಬಾಟಲಿ ನೀರು ತಂದು ಅದ್ದಿ ನೋಡಿದ್ವಿ. ಬೋರ್‌ವೆಲ್‌ಗಿಂತ ತುಂಗಭದ್ರೆಯ ನೀರಿಗೆ ಕಡಿಮೆ ಸಂಖ್ಯೆ ಬಂತು. "ಹೊಳಿ ನೀರು ಛಲೋ" ಅಂತ ತೀರ್ಪು ಕೊಟ್ಟೆವು. ಆ ತೀರ್ಪು ಅರ್ಧ ಮಾತ್ರ ಸರಿ.

ಹಾರ್ಮೋನ್ ಅಂದರೆ ಕೀಲಿಕೈ, ಜೀವಕೋಶದ ರಿಸೆಪ್ಟರ್ ಅದರ ಕೀಲಿ. ಹೆಣ್ಣು ಮೀನಿನಲ್ಲಿ ಈಸ್ಟ್ರೋಜೆನ್ ಯಕೃತ್ತಿಗೆ ಹೋಗಿ ಆ ಕೀಲಿ ತೆಗೆದರೆ ಮೊಟ್ಟೆಗೆ ಬೇಕಾದ ವೈಟೆಲೋಜೆನಿನ್ ಎಂಬ ಪ್ರೋಟೀನ್ ತಯಾರಾಗುತ್ತದೆ. ಗಂಡು ಮೀನಿನಲ್ಲೂ ಅದೇ ಜೀನ್ ಇದೆ, ಸ್ವಿಚ್ ಮಾತ್ರ ಆಫ್. ಚರಂಡಿ ನೀರಿನಲ್ಲಿ ಬರುವ ಈಸ್ಟ್ರೋಜೆನ್, ಡಿಟರ್ಜೆಂಟ್‌ನಿಂದ ಹುಟ್ಟುವ ನೋನೈಲ್‌ಫಿನಾಲ್‌ನಂಥವು ನಕಲಿ ಕೀಲಿಕೈ ಇದ್ದಂತೆ. ಸ್ವಿಚ್ ಆನ್ ಆಗಿಬಿಡುತ್ತೆ.

ಎಷ್ಟು ಸಾಕು? ಕೆನಡಾದ ಒಂಟಾರಿಯೊದಲ್ಲಿ ಕರೆನ್ ಕಿಡ್ ಮತ್ತವರ ತಂಡ 2001ರಿಂದ 2003ರವರೆಗೆ ಒಂದು ಇಡೀ ಕೆರೆಗೆ ಗರ್ಭನಿರೋಧಕ ಮಾತ್ರೆಯ ಎಥಿನೈಲ್ ಎಸ್ಟ್ರಾಡಿಯೋಲ್ ಹಾಕಿದರು. ಲೀಟರಿಗೆ 5-6 ನ್ಯಾನೋಗ್ರಾಂ, ಅಷ್ಟೇ. ಗಂಡು ಫ್ಯಾಟ್‌ಹೆಡ್ ಮಿನ್ನೋ ಮೀನುಗಳು ವೈಟೆಲೋಜೆನಿನ್ ಮಾಡತೊಡಗಿದವು, ಸಂತತಿ ನಿಂತಿತು, ಆ ಜಾತಿ ಆ ಕೆರೆಯಲ್ಲಿ ಅಳಿವಿನ ಅಂಚಿಗೆ ಬಂತು. ಹಾಕೋದು ನಿಲ್ಲಿಸಿದ ಕೆಲ ವರ್ಷಗಳ ಮೇಲೆ ಮತ್ತೆ ಬಂದವು.

ಲೆಕ್ಕ ಮಾಡಿ ನೋಡೋಣ. ಒಂದು ಮಾಲಾ-ಎನ್ ಮಾತ್ರೆಯಲ್ಲಿ ಈ ಹಾರ್ಮೋನ್ 30 ಮೈಕ್ರೋಗ್ರಾಂ. ಪೂರ್ತಿ ಕರಗಿಸಿದರೆ 6,000 ಲೀಟರ್ ನೀರು, ಅಂದ್ರೆ ಆರು ಸಿಂಟೆಕ್ಸ್ ಟ್ಯಾಂಕ್, ಆ ಕೆರೆಯ ಮಟ್ಟಕ್ಕೆ ಬರುತ್ತದೆ. (ದೇಹ ಬಹಳಷ್ಟನ್ನು ಒಡೆಯುತ್ತೆ, ಹಾಗಾಗಿ ಹೊಳೆಗೆ ಪೂರ್ತಿ ಹೋಗಲ್ಲ. ಮಾತ್ರೆ ತಗೊಳ್ಳೋರನ್ನ ಬೈಯೋ ಲೇಖನ ಅಲ್ಲ ಇದು.) ನಮ್ಮ ಮೀಟರಿನ ಅತಿ ಸಣ್ಣ ಅಂಕಿ 1 ಪಿಪಿಎಂ. 5 ನ್ಯಾನೋಗ್ರಾಂ ಅದಕ್ಕಿಂತ ಎರಡು ಲಕ್ಷ ಪಟ್ಟು ಕಡಿಮೆ! ಮೇಲಾಗಿ ಮೀಟರ್ ಅಳೆಯೋದು ವಿದ್ಯುತ್ ಹರಿಸುವ ಲವಣಗಳನ್ನು. ಹಾರ್ಮೋನ್ ಎಷ್ಟೇ ಇದ್ದರೂ ಅದಕ್ಕೆ ಕುರುಡು.

ತುಂಗಭದ್ರೆಯಲ್ಲಿ ಮೀನಿನ ಸುದ್ದಿ ಹೊಸದಲ್ಲ. 1980ರ ದಶಕದಲ್ಲಿ ಹರಿಹರದ ಕೆಳಗೆ ಮೀನುಗಳು ಸತ್ತು ತೇಲಿದವು, ಕುಮಾರಪಟ್ಟಣದ ಪಲ್ಪ್ ಕಾರ್ಖಾನೆಯ ತ್ಯಾಜ್ಯದ ವಿರುದ್ಧ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹೋರಾಡಿತು. ಸತ್ತ ಮೀನು ಕಣ್ಣಿಗೆ ಬೀಳುತ್ತೆ. ಹಾರ್ಮೋನ್ ಕೆಟ್ಟ ಮೀನು ಆರಾಮಾಗಿ ಈಜ್ತಾ ಇರುತ್ತೆ, ಮರಿ ಮಾತ್ರ ಆಗಲ್ಲ. ಮೀನುಗಾರನಿಗೆ ಗೊತ್ತಾಗೋದು ಬಲೆ ಹಗುರಾದಾಗ.

ಪಲ್ಪ್ ನೀರಿಗೆ ಇನ್ನೊಂದು ಕಥೆ ಇದೆ. ಅಮೆರಿಕದ ಫ್ಲಾರಿಡಾದಲ್ಲಿ ಇಲೆವೆನ್‌ಮೈಲ್ ಕ್ರೀಕ್ ಎಂಬ ಹಳ್ಳ ಪರ್ಡಿಡೊ ಕೊಲ್ಲಿಯ ಅಳಿವೆಗೆ ಸೇರುತ್ತದೆ. ಕಾಗದದ ಕಾರ್ಖಾನೆಯ ಕೆಳಗೆ ಅಲ್ಲಿ ಹೆಣ್ಣು ಗಾಂಬೂಸಿಯಾ ಮೀನುಗಳಿಗೆ ಗಂಡಿನ ರೆಕ್ಕೆ ಬೆಳೆದದ್ದು 1980ರಲ್ಲಿ ವರದಿಯಾಯಿತು. ಇಲ್ಲಿ ಎಲ್ಲಾ ಉಲ್ಟಾ: ಹೆಣ್ಣು ಗಂಡಿನಂತಾಗಿದ್ದು. ಮರದ ಸ್ಟೆರಾಲ್‌ಗಳನ್ನು ಬ್ಯಾಕ್ಟೀರಿಯಾಗಳು ಗಂಡು ಹಾರ್ಮೋನಿನಂಥ ವಸ್ತುವಾಗಿ ಬದಲಿಸುತ್ತವೆ ಅನ್ನೋದು ಒಂದು ವಿವರಣೆ.

ಗಾಂಬೂಸಿಯಾ ಅಂದ್ರೆ ಯಾವುದೋ ವಿದೇಶಿ ಮೀನು ಅನ್ಕೋಬೇಡಿ. ಸೊಳ್ಳೆ ಮರಿ ತಿನ್ನಲಿ ಅಂತ ಆರೋಗ್ಯ ಇಲಾಖೆಯವರು ನಮ್ಮ ಕಡೆ ಕೆರೆ-ಬಾವಿಗೆ ಬಿಡೋದು ಅದನ್ನೇ. ಹೊಟ್ಟೆಯ ಕೆಳಗಿನ ರೆಕ್ಕೆ ಗಂಡಿಗೆ ಕಡ್ಡಿಯಂತೆ ಉದ್ದ, ಹೆಣ್ಣಿಗೆ ಬೀಸಣಿಗೆಯಂತೆ. ದೊಡ್ಡ ಲ್ಯಾಬ್ ಬೇಡ, ಭೂತಗನ್ನಡಿ ಸಾಕು. ಈ ಸೆಮಿಸ್ಟರ್ ರಜೆಗೆ ಊರಿಗೆ ಹೋಗುವಾಗ ನಾವು ಬಾಟಲಿ ಜೊತೆ ಅದನ್ನೂ ಒಯ್ಯುತ್ತಿದ್ದೇವೆ.