ಅನ್ನದ ಅಳತೆ, ಸಿಹಿಯ ಆಯ್ಕೆ: ಮಧುಮೇಹವುಳ್ಳ ರೈತರಿಗೆ ಆಹಾರ ಕ್ರಮ

ಸೊರಬ ತಾಲ್ಲೂಕಿನ ಹೊಸಬಾಳೆ ಮತ್ತು ಅದರ ಆಸುಪಾಸಿನ ಊರುಗಳಲ್ಲಿ ಊಟವೆಂದರೆ ಅನ್ನ. ಬೆಳಿಗ್ಗೆ ಅಕ್ಕಿ ರೊಟ್ಟಿ, ದೋಸೆ ಅಥವಾ ಕಡುಬು. ಮಧ್ಯಾಹ್ನ ಮತ್ತು ರಾತ್ರಿ ಅನ್ನ. ಆಲೆಮನೆಯ ಕಾಲ ಬಂತೆಂದರೆ ದೋಸೆಯ ಪಕ್ಕದಲ್ಲಿ ಜೋನಿ ಬೆಲ್ಲ ಇರಲೇಬೇಕು. ನೇಗಿಲು ಹಿಡಿದು ದಿನವಿಡೀ ದುಡಿಯುತ್ತಿದ್ದ ಕಾಲದಲ್ಲಿ ಈ ಊಟ ಮೈಗೆ ಹತ್ತಿ ಕರಗುತ್ತಿತ್ತು. ಇಂದು ಉಳುಮೆಗೆ ಟಿಲ್ಲರ್, ಓಡಾಟಕ್ಕೆ ಬೈಕು ಬಂದಿವೆ. ದುಡಿಮೆ ಇಳಿದರೂ ಅನ್ನದ ಅಳತೆ ಇಳಿದಿಲ್ಲ.

ಮಧುಮೇಹ ಪಟ್ಟಣದವರ ಕಾಯಿಲೆಯಾಗಿ ಮಾತ್ರ ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಈ ರೋಗವಿದೆ. ರೋಗ ತಿಳಿದೊಡನೆ ಹೆಚ್ಚಿನವರು ಮಾಡುವ ಮೊದಲ ಕೆಲಸ ಚಹಾದ ಸಕ್ಕರೆ ಬಿಡುವುದು. ಇದು ಒಳ್ಳೆಯದೇ. ಆದರೆ ಅಷ್ಟಕ್ಕೇ ನಿಂತರೆ ರಕ್ತದ ಸಕ್ಕರೆ ಸಾಕಷ್ಟು ಇಳಿಯುವುದಿಲ್ಲ. ಕಾರಣವನ್ನು ಲೆಕ್ಕ ಹಾಕಿ ನೋಡಬಹುದು.

ಲೆಕ್ಕ ಹೇಳುವ ಸತ್ಯ

ಹಸಿ ಅಕ್ಕಿ 100 ಗ್ರಾಂನಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದೆ. ಇದು ಜೀರ್ಣವಾದಾಗ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ. ಮೂರು ಹೊತ್ತಿಗೆ 400 ಗ್ರಾಂ ಅಕ್ಕಿ ಉಣ್ಣುವವರ ಹೊಟ್ಟೆಗೆ ಅಕ್ಕಿಯಿಂದಲೇ ಸುಮಾರು 312 ಗ್ರಾಂ ಪಿಷ್ಟ ಹೋಗುತ್ತದೆ. ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚೆಯಂತೆ ಸಕ್ಕರೆ ಹಾಕಿದರೆ ಅದು 40 ಗ್ರಾಂ. ಸಕ್ಕರೆಯನ್ನು ಪೂರ್ಣ ಬಿಟ್ಟರೂ ಅಕ್ಕಿಯ 312 ಗ್ರಾಂ ಹಾಗೆಯೇ ಉಳಿಯಿತು. ಅಕ್ಕಿಯನ್ನು ಅರ್ಧಕ್ಕೆ ಇಳಿಸಿದರೆ 156 ಗ್ರಾಂ ಕಡಿಮೆಯಾಗುತ್ತದೆ. ಆದ್ದರಿಂದ ಚಹಾದ ಲೋಟದ ಜೊತೆಗೆ ಊಟದ ತಟ್ಟೆಯನ್ನೂ ಗಮನಿಸತಕ್ಕದ್ದು.

ಅನ್ನ ಬಿಟ್ಟು ರಾಗಿ ಮುದ್ದೆ ಉಂಡರೆ ಸಾಕೆಂಬ ನಂಬಿಕೆಯೂ ಇದೆ. ರಾಗಿಯಲ್ಲಿ ನಾರು ಮತ್ತು ಸುಣ್ಣದ ಅಂಶ ಹೆಚ್ಚು, ನಿಜ. ಆದರೂ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಪಿಷ್ಟವಿದೆ. ಮುದ್ದೆಗೂ ಅಳತೆ ಬೇಕು.

ಪ್ರಾರಂಭಿಸುವ ಮೊದಲು

ಇನ್ಸುಲಿನ್ ಚುಚ್ಚಿಕೊಳ್ಳುವವರು ಹಾಗೂ ಗ್ಲಿಮೆಪಿರೈಡ್, ಗ್ಲೈಬೆನ್‌ಕ್ಲಮೈಡ್‌ನಂಥ ಮಾತ್ರೆ ನುಂಗುವವರು ವೈದ್ಯರಿಗೆ ತಿಳಿಸದೆ ಅನ್ನ ಇಳಿಸಬಾರದು. ಊಟ ಇಳಿದು ಔಷಧಿ ಹಿಂದಿನಷ್ಟೇ ಇದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುತ್ತದೆ. ಡಪಾಗ್ಲಿಫ್ಲೋಜಿನ್‌ನಂಥ, ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆಯುಳ್ಳವರು, ಗರ್ಭಿಣಿಯರು ಮತ್ತು ಬಾಣಂತಿಯರು ಸಹ ವೈದ್ಯರ ಸಲಹೆ ಪಡೆಯಬೇಕು. ದಿನಕ್ಕೆ 130 ಗ್ರಾಂಗಿಂತ ಕಡಿಮೆ ಪಿಷ್ಟದ ಕಟ್ಟುನಿಟ್ಟಿನ ಪಥ್ಯವನ್ನು ಮಧುಮೇಹಿಗಳು ತಾವಾಗಿಯೇ ಕೈಗೊಳ್ಳಬಾರದು.

ಹಂತ ಹಂತವಾಗಿ ಇಳಿಸುವ ಕ್ರಮ

1. ಮೊದಲ ವಾರ ಅಕ್ಕಿಯನ್ನು ಪಾವಿನಲ್ಲಿ ಅಳೆದೇ ಬೇಯಿಸಬೇಕು. ಅಳೆಯದೆ ಇಳಿಸಲು ಬಾರದು.

2. ಎರಡನೆಯ ವಾರ ರಾತ್ರಿಯ ಅನ್ನವನ್ನು ಅರ್ಧ ಮಾಡುವುದು. ಆ ಜಾಗವನ್ನು ಹೆಸರುಕಾಳಿನ ಪಲ್ಯ, ಹುರುಳಿ ಸಾರು, ಬಸಳೆ, ಹರಿವೆ, ನುಗ್ಗೆ ಸೊಪ್ಪು ಇವುಗಳಿಂದ ತುಂಬಬೇಕು. ಮೊಟ್ಟೆ, ಮೀನು ತಿನ್ನುವವರು ಅವನ್ನು ಸೇರಿಸಬಹುದು. ಇವುಗಳ ಸಸಾರಜನಕ ಹೊಟ್ಟೆ ತುಂಬಿದ ತೃಪ್ತಿ ಕೊಡುತ್ತದೆ.

3. ಮೂರನೆಯ ವಾರ ಮಧ್ಯಾಹ್ನದ ಊಟಕ್ಕೂ ಇದೇ ಕ್ರಮ. ಮೊದಲು ಪಲ್ಯ, ಕೋಸಂಬರಿ, ಕೊನೆಗೆ ಅನ್ನ.

4. ನಾಲ್ಕನೆಯ ವಾರ ಬೆಳಗಿನ ಮೂರು ದೋಸೆ ಇದ್ದಲ್ಲಿ ಒಂದಕ್ಕೆ ಇಳಿಸಿ, ಕಾಳಿನ ಉಸಲಿ ಸೇರಿಸುವುದು.

ಆರಂಭದಲ್ಲಿ ತಲೆನೋವು, ಸುಸ್ತು, ಮಲಬದ್ಧತೆ ಕಾಣಬಹುದು. ನೀರು, ಮಜ್ಜಿಗೆ, ಒಂದೆಲಗದ ತಂಬುಳಿ ಚೆನ್ನಾಗಿ ಕುಡಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಭತ್ತದ ಕೊಯ್ಲಿನ ನಂತರ ಗದ್ದೆಯ ತೇವದಲ್ಲಿ ಹೆಸರು ಅಥವಾ ಅಲಸಂದೆ ಬಿತ್ತಿದರೆ ಮನೆಯ ಕಾಳಿಗೂ ಆಯಿತು, ಮಣ್ಣಿಗೂ ಸಾರಜನಕ ದೊರೆಯಿತು.

ಸಿಹಿ ಯಾವುದು?

ಬೆಲ್ಲ: "ಬೆಲ್ಲ ಮನೆಯದು, ಏನೂ ಆಗದು" ಎಂಬ ಮಾತು ಸರಿಯಲ್ಲ. ಬೆಲ್ಲದ ಬಹುಭಾಗ ಸಕ್ಕರೆಯೇ. ಅದರಲ್ಲಿರುವ ಕಬ್ಬಿಣ ಮುಂತಾದ ಲವಣಾಂಶಗಳು ರಕ್ತದ ಸಕ್ಕರೆ ಏರುವುದನ್ನು ತಡೆಯುವುದಿಲ್ಲ. ಜೋನಿ ಬೆಲ್ಲದಲ್ಲಿ ನೀರು ಹೆಚ್ಚಿರುವುದರಿಂದ ಚಮಚೆಯೊಂದಕ್ಕೆ ಸಕ್ಕರೆ ತುಸು ಕಡಿಮೆ; ಆದರೆ ದೋಸೆಗೆ ಅದನ್ನು ಚಮಚೆಯಲ್ಲಿ ಅಳೆದು ಯಾರೂ ಸುರಿಯುವುದಿಲ್ಲ. ಜೇನುತುಪ್ಪವೂ ಇದೇ ಸಾಲಿಗೆ ಸೇರಿದ್ದು. ಬೆಲ್ಲ ಮಾರುವ ರೈತರು ಅದನ್ನು ಮಧುಮೇಹಿಗಳಿಗೆ ಹಿತವೆಂದು ಹೇಳಿ ಮಾರಬಾರದು.

ಸ್ಟೀವಿಯಾ: ಪರಾಗ್ವೆ ದೇಶದ ಮೂಲದ ಗಿಡ. ಎಲೆಯಿಂದ ಶುದ್ಧೀಕರಿಸಿದ ಸಾರ ಸಕ್ಕರೆಗಿಂತ 200ರಿಂದ 300 ಪಟ್ಟು ಸಿಹಿ. ಇದನ್ನು ನಿಗದಿತ ಆಹಾರಗಳಲ್ಲಿ ಬಳಸಲು ಭಾರತದಲ್ಲಿ 2015ರಲ್ಲಿ ಒಪ್ಪಿಗೆ ದೊರೆಯಿತು. ಬಿಸಿಗೆ ಕೆಡುವುದಿಲ್ಲ, ನಾಲಿಗೆಯಲ್ಲಿ ತುಸು ಕಹಿ ಉಳಿಯುತ್ತದೆ.

ಸುಕ್ರಲೋಸ್ ಮತ್ತು ಆಸ್ಪರ್ಟೇಮ್: ಮೊದಲನೆಯದು ಸುಮಾರು 600 ಪಟ್ಟು, ಎರಡನೆಯದು 200 ಪಟ್ಟು ಸಿಹಿ. ಆಸ್ಪರ್ಟೇಮ್ ಕುದಿಸಿದರೆ ಸಿಹಿ ಕಳೆದುಕೊಳ್ಳುವುದರಿಂದ ಪಾಯಸಕ್ಕೆ ಬಾರದು.

ಪೊಟ್ಟಣದ ಪುಡಿ ಕೊಳ್ಳುವಾಗ ಹಿಂಬದಿಯ ಚೀಟಿ ಓದಬೇಕು. ಮಾಲ್ಟೋಡೆಕ್ಸ್‌ಟ್ರಿನ್, ಡೆಕ್ಸ್‌ಟ್ರೋಸ್ ಎಂದಿದ್ದರೆ ಅವು ಪಿಷ್ಟ ಹಾಗೂ ಸಕ್ಕರೆಯ ರೂಪಗಳೇ. ತೂಕ ಇಳಿಸಲೆಂದು ಇಂಥ ಬದಲಿ ಸಿಹಿಗಳನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿತು. ಆ ಸಲಹೆ ಈಗಾಗಲೇ ಮಧುಮೇಹ ಇರುವವರನ್ನು ಕುರಿತದ್ದಲ್ಲ. ಮಧುಮೇಹಿಗಳು ಸಕ್ಕರೆ ಬಿಡುವ ದಾರಿಯಲ್ಲಿ ಅವನ್ನು ಊರುಗೋಲಿನಂತೆ ಬಳಸಬಹುದು. ವಾರಕ್ಕೆ ಅರ್ಧ ಚಮಚೆಯಂತೆ ಸಕ್ಕರೆ ಇಳಿಸುತ್ತ ಬಂದರೆ ನಾಲಿಗೆ ತಾನಾಗಿ ಹೊಂದಿಕೊಳ್ಳುತ್ತದೆ. ಇದೇ ಎಲ್ಲಕ್ಕಿಂತ ಅಗ್ಗದ ಉಪಾಯ.

ಜೇಬಿನಲ್ಲಿರಲಿ ಒಂದು ಪೊಟ್ಟಣ ಸಕ್ಕರೆ

ಗದ್ದೆಯಲ್ಲಿ ಕೆಲಸ ಮಾಡುವಾಗ ಕೈ ನಡುಕ, ತಣ್ಣನೆಯ ಬೆವರು, ಕಣ್ಣು ಮಂಜು, ವಿಪರೀತ ಹಸಿವು ಕಂಡರೆ ಸಕ್ಕರೆ ಕುಸಿದಿದೆಯೆಂದು ತಿಳಿಯಬೇಕು. ತಕ್ಷಣ ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಅದಿಲ್ಲದಿದ್ದರೆ ಬೆಲ್ಲವೂ ಆಗುತ್ತದೆ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಅಷ್ಟೇ ಕುಡಿಯುವುದು. ಆ ಹೊತ್ತಿನಲ್ಲಿ ಸ್ಟೀವಿಯಾ, ಸುಕ್ರಲೋಸ್ ಮಾತ್ರೆಗಳಿಂದ ಏನೂ ಪ್ರಯೋಜನವಿಲ್ಲ. ಅವು ನಾಲಿಗೆಗೆ ಸಿಹಿಯೇ ಹೊರತು ರಕ್ತಕ್ಕಲ್ಲ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಕ್ರಮ ಆರಂಭಿಸುವ ಮುನ್ನ ಒಮ್ಮೆ, ಮೂರು ತಿಂಗಳ ನಂತರ ಮತ್ತೊಮ್ಮೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದರೆ ಅಷ್ಟು ದಿನಗಳ ಸರಾಸರಿ ತಿಳಿಯುತ್ತದೆ. ಗೊಬ್ಬರವನ್ನು ಮಣ್ಣು ಪರೀಕ್ಷೆ ನೋಡಿ ಹಾಕುವ ರೈತರು ತಟ್ಟೆಯ ಅನ್ನವನ್ನೂ ರಕ್ತ ಪರೀಕ್ಷೆ ನೋಡಿಯೇ ಬಡಿಸಿಕೊಳ್ಳುವುದು ಲೇಸು.