ಅರ್ಜಿಯ ಆ ಒಂದು ಕಾಲಂ

ಚನ್ನಗಿರಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ತುಂಬಿಕೊಡುತ್ತೇನೆ. ಸಂತೇಬೆನ್ನೂರು, ಹೊನ್ನಾಳಿ, ನ್ಯಾಮತಿ ಕಡೆಯ ಹುಡುಗರೂ ಬರುತ್ತಾರೆ. ಕೆಲವು ನೇಮಕಾತಿ ನಮೂನೆಗಳಲ್ಲಿ ಒಂದು ಕಾಲಂ ಇರುತ್ತದೆ: ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ, ಶಿಕ್ಷೆಯಾಗಿದೆಯೇ? ಹುಡುಗರು ಪೂರ್ತಿ ಓದುವುದೇ ಇಲ್ಲ, ‘ಇಲ್ಲ ಅಂತ ಹಾಕಣ್ಣ’ ಅನ್ನುತ್ತಾರೆ. ನಾನು ಅಲ್ಲಿ ಕೈ ನಿಲ್ಲಿಸುತ್ತೇನೆ. ಗಟ್ಟಿಯಾಗಿ ಓದಿ ಹೇಳಿ, ಯೋಚಿಸಿ ಉತ್ತರ ಕೊಡು ಅನ್ನುತ್ತೇನೆ. ಆ ಕಾಲಂನಲ್ಲೇ ನನ್ನ ಕೆಲಸ ಹೋಯಿತು.

2014ರ ದೀಪಾವಳಿಯ ಮುಂಚಿನ ವಾರ. ನನಗೆ 19 ವರ್ಷ, ಡಿಗ್ರಿ ಎರಡನೇ ವರ್ಷ. ಅಡಿಕೆ ಸುಲಿಯುವ ಕಾಲ ಅದು. ಅವ್ವ ಬೆಳಗಿನ ಜಾವಕ್ಕೇ ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿ ಏಳುತ್ತಿದ್ದಳು. ಕಾಲೇಜಿನಲ್ಲಿ ಕಾರ್ಯಕ್ರಮವಿತ್ತು. ಗೆಳೆಯರೆಲ್ಲ ಹೊಸ ಜೀನ್ಸ್ ತಗೊಂಡಿದ್ದರು. ಪೇಟೆಯ ರೆಡಿಮೇಡ್ ಅಂಗಡಿಯೊಂದಕ್ಕೆ ಹೋಗಿ 1,299 ರೂಪಾಯಿಯ ಪ್ಯಾಂಟನ್ನು ಟ್ರಯಲ್ ರೂಮಿನಲ್ಲಿ ಹಾಕಿಕೊಂಡೆ, ಅದರ ಮೇಲೆ ನನ್ನ ಸಡಿಲ ಪ್ಯಾಂಟ್ ಏರಿಸಿಕೊಂಡು ಹೊರಟೆ. ಹಸಿವಿನಿಂದ ಕದ್ದದ್ದಲ್ಲ, ಆಸೆಯಿಂದ ಕದ್ದದ್ದು. ಬಾಗಿಲ ಬಳಿ ಹಿಡಿದರು. ಸಿಸಿ ಕ್ಯಾಮೆರಾದಲ್ಲಿ ಎಲ್ಲ ಇತ್ತು.

ಸಂಜೆ ಠಾಣೆಗೆ ಬಂದ ಅವ್ವನ ಬೆರಳಿಗೆಲ್ಲ ಅಡಿಕೆಯ ಚೊಗರು ಹತ್ತಿತ್ತು. ಅವಳು ಕೇಳಿದ್ದು ಒಂದೇ ಮಾತು: ‘ಎಷ್ಟು ರೂಪಾಯಿದೋ ತಮ್ಮಾ ಅದು?’ ಹೇಳಿದೆ. ‘ನನ್ನ ಕೇಳಿದ್ರೆ ಒಂದು ವಾರ ಇನ್ನಷ್ಟು ಹೊತ್ತು ಕೂತು ಸುಲೀತಿದ್ನಲ್ಲೋ’ ಅಂದಳು. ಇಷ್ಟು ವರ್ಷವಾದರೂ ಆ ಮಾತು ನನ್ನ ಕಿವಿಯಿಂದ ಹೋಗಿಲ್ಲ.

ಆಗ ಐಪಿಸಿ ಇತ್ತು. 379ನೇ ಸೆಕ್ಷನ್, ಕಳ್ಳತನ. ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ವಸ್ತು ನೂರು ರೂಪಾಯಿಯದ್ದಾಗಲಿ, ಲಕ್ಷದ್ದಾಗಲಿ ಸೆಕ್ಷನ್ ಒಂದೇ, ಅದೂ ಜಾಮೀನುರಹಿತ. ಮರುದಿನ ಕೋರ್ಟಿಗೆ ಕರೆದೊಯ್ದರು. ಸೋದರಮಾವ ತಮ್ಮ ಹೊಲದ ಪಹಣಿ ತಂದು ಜಾಮೀನು ನಿಂತರು. ಆಮೇಲೆ ವಾಯಿದೆ ಮೇಲೆ ವಾಯಿದೆ. ಪ್ರತಿ ವಾಯಿದೆಗೂ ಅವ್ವನ ಒಂದು ದಿನದ ಕೂಲಿ ಹೋಗುತ್ತಿತ್ತು.

ಮರುವರ್ಷ ಒಂದು ದಿನ ಕೋರ್ಟಿನ ಆವರಣದಲ್ಲಿ ಪರಿಚಯದವರೊಬ್ಬರು ಹೇಳಿದರು: ‘ಯಾಕೆ ಅಲೀತೀರಿ? ತಪ್ಪಾಯ್ತು ಅಂತ ಒಪ್ಕೊಂಡು ದಂಡ ಕಟ್ಟಿಬಿಡಿ. ಇವತ್ತೇ ಮುಗಿದುಹೋಗುತ್ತೆ.’ ನನಗೂ ಅದೇ ಬೇಕಿತ್ತು. ಒಪ್ಪಿಕೊಂಡರೆ ಏನಾಗುತ್ತದೆ ಗೊತ್ತೇ ಎಂದು ನ್ಯಾಯಾಧೀಶರು ಕೇಳಿದರು. ಗೊತ್ತು ಸ್ವಾಮಿ ಅಂದೆ. ಗೊತ್ತಿರಲಿಲ್ಲ. ಸಾವಿರ ರೂಪಾಯಿ ದಂಡ, ಕೈಗೊಂದು ರಸೀದಿ. ಮುಗಿಯಿತು ಅಂದುಕೊಂಡು ಅವ್ವನೂ ನಾನೂ ಹೋಟೆಲಿನಲ್ಲಿ ಟೀ ಕುಡಿದು ಊರಿನ ಬಸ್ಸು ಹತ್ತಿದೆವು.

2018ರಲ್ಲಿ ಸರ್ಕಾರಿ ಕೆಲಸವೊಂದರ ಪರೀಕ್ಷೆ ಪಾಸಾಯಿತು. ಪೊಲೀಸ್ ಪರಿಶೀಲನೆಯ ನಮೂನೆ ಬಂತು. ದಂಡ ಕಟ್ಟಿ ಮುಗಿದ ಕೇಸು, ಅದನ್ನೇಕೆ ಬರೆಯಬೇಕು ಎಂದು ‘ಇಲ್ಲ’ ಎಂದು ಬರೆದೆ. ಎರಡು ತಿಂಗಳಿಗೆ ಪತ್ರ ಬಂತು: ಶಿಕ್ಷೆಯಾದದ್ದನ್ನು ಮುಚ್ಚಿಟ್ಟಿದ್ದೀರಿ, ಆಯ್ಕೆ ರದ್ದು.

ಆ ಪತ್ರ ಹಿಡಿದು ದಾವಣಗೆರೆಯ ಹಿರಿಯ ವಕೀಲರೊಬ್ಬರ ಬಳಿ ಹೋದೆ. ಒಂದು ಗಂಟೆ ಕೂರಿಸಿಕೊಂಡು ಅವರು ಹೇಳಿದ್ದು, ನಾನು 19ನೇ ವಯಸ್ಸಿನಲ್ಲಿ ಕೇಳಬೇಕಾಗಿದ್ದ ಮಾತುಗಳು.

ದಂಡದ ರಸೀದಿ ಎಂದರೆ ಶಿಕ್ಷೆಯ ರಸೀದಿ. ಜೈಲಿಗೆ ಹೋಗದಿದ್ದರೂ ಅಪರಾಧಿ ಎಂದು ತೀರ್ಪಾಗಿದೆ. ಅದರ ಬದಲು ಎರಡು ದಾರಿಗಳಿದ್ದವು. 379 ರಾಜಿಯಾಗಬಲ್ಲ ಪ್ರಕರಣ. ಮಾಲು ಯಾರದೋ ಅವರು ಒಪ್ಪಿದರೆ ಸಾಕು. ಹಾಗೆ ರಾಜಿಯಾದರೆ ಕಾನೂನಿನ ಕಣ್ಣಲ್ಲಿ ಅದು ಖುಲಾಸೆಗೆ ಸಮ. ಇನ್ನೊಂದು, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ. ಮೊದಲ ಸಲದ ಕಳ್ಳತನವಾದರೆ ಬುದ್ಧಿಹೇಳಿ ಬಿಡುವ, ಇಲ್ಲವೇ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅಧಿಕಾರ ಅದರಲ್ಲಿ ಕೋರ್ಟಿಗಿದೆ. 21 ತುಂಬದವರನ್ನು ಜೈಲಿಗೆ ಕಳಿಸುವ ಮುಂಚೆ ಕೋರ್ಟು ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳಬೇಕು, ಕಳಿಸುವುದಾದರೆ ಕಾರಣ ಬರೆಯಬೇಕು. ಈ ಕಾಯಿದೆಯಡಿ ಬಿಡುಗಡೆಯಾದವರಿಗೆ ಶಿಕ್ಷೆಯ ಜೊತೆ ಅಂಟಿಬರುವ ಅನರ್ಹತೆ ಅಂಟುವುದಿಲ್ಲ. ಆದರೆ ಅದನ್ನು ಯಾರಾದರೂ ಕೋರ್ಟಿನ ಮುಂದೆ ಕೇಳಬೇಕು. ನನ್ನ ಪರವಾಗಿ ಕೇಳಲು ವಕೀಲರೇ ಇರಲಿಲ್ಲ.

ಅವರು ಎರಡು ತೀರ್ಪುಗಳನ್ನೂ ವಿವರಿಸಿದರು. 2011ರಲ್ಲಿ ಸಂದೀಪ್ ಕುಮಾರ್ ಎಂಬುವರ ಪ್ರಕರಣದಲ್ಲಿ, ಯೌವನದಲ್ಲಿ ತಪ್ಪಾಗುತ್ತದೆ, ಅದಕ್ಕಾಗಿ ಬದುಕಿಡೀ ಹಣೆಪಟ್ಟಿ ಹಚ್ಚಬಾರದು ಎಂಬ ನಿಲುವನ್ನು ಸುಪ್ರೀಂ ಕೋರ್ಟ್ ತೆಗೆದುಕೊಂಡಿತು. ರೊಟ್ಟಿ ಕದ್ದು ಜೀವನವಿಡೀ ಕಳ್ಳ ಎನಿಸಿಕೊಂಡ, ವಿಕ್ಟರ್ ಹ್ಯೂಗೋ ಕಾದಂಬರಿಯ ಜೀನ್ ವಾಲ್‌ಜೀನ್‌ನನ್ನು ಆ ತೀರ್ಪು ನೆನೆಯುತ್ತದೆ. ಓದಿದಾಗ ನನ್ನ ಕಣ್ಣು ತುಂಬಿತು. ಆದರೆ ಸಂದೀಪ್ ಕುಮಾರ್ ಅವರ ಪ್ರಕರಣ ರಾಜಿಯಾಗಿ ಖುಲಾಸೆಯಾಗಿತ್ತು. ನನ್ನದು ಶಿಕ್ಷೆಯಲ್ಲಿ ಮುಗಿದಿತ್ತು. 2016ರ ಅವತಾರ್ ಸಿಂಗ್ ತೀರ್ಪು ಇನ್ನೂ ಸ್ಪಷ್ಟ: ಕೇಳಿದ ಮಾಹಿತಿಯನ್ನು ನಿಜವಾಗಿ ಕೊಡಲೇಬೇಕು. ಸಣ್ಣ ಅಪರಾಧವಾದರೆ ಅದನ್ನು ಮನ್ನಿಸುವ ವಿವೇಚನೆ ಕೆಲಸ ಕೊಡುವವರಿಗಿದೆ. ‘ನಿಜ ಬರೆದಿದ್ದರೆ ವಾದಿಸಲು ನನ್ನ ಕೈಯಲ್ಲಿ ಏನಾದರೂ ಇರುತ್ತಿತ್ತು’ ಅಂದರು ವಕೀಲರು.

ಊರಿಗೆ ಬಂದು ಎಷ್ಟೋ ದಿನದ ಮೇಲೆ ಆ ಅಂಗಡಿಗೇ ಹೋದೆ. ಮಾಲೀಕರಿಗೆ ನನ್ನ ಗುರುತು ಹತ್ತಲಿಲ್ಲ. ಹೇಳಿ ಕ್ಷಮೆ ಕೇಳಿದೆ. ಅವರು ಸುಮಾರು ಹೊತ್ತು ಸುಮ್ಮನಿದ್ದು, ‘ಅವತ್ತು ಸಿಟ್ಟಲ್ಲಿ ಕಂಪ್ಲೇಂಟ್ ಕೊಟ್ಟೆ. ಆಮೇಲೆ ನಿಮ್ಮ ಅವ್ವ ಒಂದು ಸಲ ಬಂದು ಕೇಳಿದ್ರೆ ರಾಜಿ ಮಾಡ್ಕೊತಿದ್ದೆ ಕಣಪ್ಪ’ ಅಂದರು. ಅವ್ವ ನಾಚಿಕೆಯಿಂದ ಆ ಬೀದಿಗೇ ಕಾಲಿಟ್ಟಿರಲಿಲ್ಲ.

ಈಗ ಕಾನೂನು ಬದಲಾಗಿದೆ. 2024ರ ಜುಲೈ 1ರಿಂದ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 303(2)ರಲ್ಲಿ, ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಶಿಕ್ಷೆಯಾಗುತ್ತಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಶಿಕ್ಷೆ ಸಮುದಾಯ ಸೇವೆ. ಸಂಬಳವಿಲ್ಲದೆ ಸಾರ್ವಜನಿಕರಿಗೆ ಉಪಯೋಗವಾಗುವ ಕೆಲಸ ಮಾಡಿಕೊಡುವುದು. ಇಂಥ ಸಣ್ಣ ಕಳ್ಳತನ ಜಾಮೀನು ಸಿಗುವ ಪ್ರಕರಣವಾಗಿದೆ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ನನ್ನ ಕಾಲದಲ್ಲಿ ಇದು ಇದ್ದಿದ್ದರೆ ಎಂದು ಎಷ್ಟೋ ಸಲ ಅನ್ನಿಸಿದೆ.

ಹಾಗೆಂದು ಹಗುರ ಮಾಡಿಕೊಳ್ಳಬೇಡಿ. ಸಮುದಾಯ ಸೇವೆಯೂ ಶಿಕ್ಷೆಯೇ, ನಮೂನೆಯ ಕಾಲಂನಲ್ಲಿ ಅದನ್ನೂ ಬರೆಯಬೇಕು. ಎರಡನೇ ಸಲ ಶಿಕ್ಷೆಯಾದರೆ ಕನಿಷ್ಠ ಒಂದು ವರ್ಷ, ಗರಿಷ್ಠ ಐದು ವರ್ಷ ಕಠಿಣ ಸಜೆ. ಇನ್ನೊಂದು ಸೂಕ್ಷ್ಮವಿದೆ. ಮನೆ ಅಥವಾ ಸ್ವತ್ತು ಇಡುವ ಕಟ್ಟಡದೊಳಗಿನ ಕಳ್ಳತನಕ್ಕೆ 305 ಎಂಬ ಬೇರೆ ಸೆಕ್ಷನ್ ಇದೆ, ಏಳು ವರ್ಷದವರೆಗೆ ಜೈಲು. ಅಂಗಡಿಯೂ ಸ್ವತ್ತು ಇಡುವ ಕಟ್ಟಡವೇ ಎಂದು ಆ ಸೆಕ್ಷನ್ ಹಾಕಿದರೆ 5,000 ರೂಪಾಯಿಯ ರಿಯಾಯಿತಿ ಅಲ್ಲಿ ಬರೆದಿಲ್ಲ. ಹಾಗಾಗಿ ಎಫ್‌ಐಆರ್‌ನಲ್ಲಿ ಯಾವ ಸೆಕ್ಷನ್ ಇದೆ ಎಂದು ಮೊದಲು ನೋಡಬೇಕು.

ಈಚೆಗೆ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದಿದ್ದರು. ಅರ್ಜಿ ತುಂಬಲಿಕ್ಕಲ್ಲ. ಹುಡುಗಿ ಬೇರೆ ಊರಿನ ಅಂಗಡಿಯಲ್ಲಿ 800 ರೂಪಾಯಿಯ ಮೇಕಪ್ ಸಾಮಾನು ಬ್ಯಾಗಿಗೆ ಹಾಕಿಕೊಂಡಿದ್ದಳು. ಅಂಗಡಿಯವರು ತಪ್ಪೊಪ್ಪಿಗೆ ಬರೆಸಿಕೊಂಡು, ವಿಡಿಯೊ ಮಾಡಿಕೊಂಡು, ಹತ್ತು ಸಾವಿರ ತಂದುಕೊಡದಿದ್ದರೆ ವಾಟ್ಸ್‌ಆಪ್‌ಗೆ ಹಾಕುತ್ತೇವೆ ಅಂದಿದ್ದರಂತೆ. ತಾಯಿ ಕಿವಿಯೋಲೆ ಅಡವಿಡಲು ಹೊರಟಿದ್ದರು. ತಡೆದೆ. ಕದ್ದದ್ದು ತಪ್ಪು, ಅದಕ್ಕೆ ದೂರು ಕೊಡುವ ಹಕ್ಕು ಅಂಗಡಿಯವರಿಗಿದೆ. ಹೆದರಿಸಿ ಹಣ ಕೀಳುವ ಹಕ್ಕು ಇಲ್ಲ. ಇಬ್ಬರನ್ನೂ ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಕರೆದೊಯ್ದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯದ ಮಿತಿಯಿಲ್ಲ. ನಮ್ಮ ಅವ್ವನಂಥ ಕೂಲಿಯವರ ಮಗನಿಗೂ 2014ರಲ್ಲೇ ಸಿಗುತ್ತಿತ್ತು. ಉಚಿತ ವಕೀಲರನ್ನು ಕೊಡುವುದು 1987ರ ಕಾಯಿದೆ.

ಆ ಹುಡುಗಿ ತಾನೇ ಅಂಗಡಿಗೆ ಹೋಗಿ ಸಾಮಾನಿನ ಬೆಲೆ ಕಟ್ಟಿ ಕ್ಷಮೆ ಕೇಳಿದಳು. ವಕೀಲರು ಜೊತೆಗಿದ್ದರು. ವಿಡಿಯೊ ಅಳಿಸಿದರು. ದೂರು ದಾಖಲಾಗಲಿಲ್ಲ. ನಾಳೆ ಅವಳ ಅರ್ಜಿಯ ಆ ಕಾಲಂನಲ್ಲಿ ‘ಇಲ್ಲ’ ಎಂದು ನಾನೇ ಟೈಪ್ ಮಾಡಬಹುದು, ಅದು ನಿಜವೂ ಆಗಿರುತ್ತದೆ.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಇಂಥದರಲ್ಲಿ ಸಿಕ್ಕಿಬಿದ್ದರೆ ಬೈಯಿರಿ, ಬೇಕಾದಷ್ಟು ಬೈಯಿರಿ. ಆದರೆ ಕೋರ್ಟಿನಲ್ಲಿ ‘ಒಪ್ಪಿಕೊಳ್ಳುತ್ತೇನೆ’ ಎನ್ನುವ ಮುಂಚೆ ವಕೀಲರೊಬ್ಬರನ್ನು ಕೇಳಿ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಕರೆ ಉಚಿತ.