ರೀಬ್ರೀದರ್‌ಗೆ ಇಷ್ಟೇಕೆ ಅವಸರ?

ಪ್ರೀತಿಯ ಪುಟ್ಟಾ,

ಬಿಟ್ಟ ಉಸಿರನ್ನೇ ತೊಳೆದು ಮತ್ತೆ ಎಳೆಯಲು ಕೊಡುವ ಆ ರೀಬ್ರೀದರ್ ಡೈವಿಂಗ್ ಕೋರ್ಸಿಗೆ ಅಡ್ವಾನ್ಸ್ ಕಟ್ಟಿದೆಯಂತೆ, ನಿಮ್ಮಮ್ಮ ಹೇಳಿದಳು. ಮಾವನನ್ನು ಒಂದು ಮಾತು ಕೇಳಬೇಕು ಅನಿಸಲಿಲ್ಲವೇ? ಇರಲಿ. 25 ಡೈವ್ ಆದವರನ್ನು ಪ್ಯಾಡಿ (PADI) ಎಂಬ ಡೈವಿಂಗ್ ತರಬೇತಿ ಸಂಸ್ಥೆಯ ಮೊದಲ ಹಂತಕ್ಕೆ ಸೇರಿಸಿಕೊಳ್ಳುತ್ತಾರೆ, ನಿಯಮದಲ್ಲಿ ನಿನ್ನದೇನೂ ತಪ್ಪಿಲ್ಲ. ಬೇಗ ಕಲಿ, ತಡವಾಗಿ ಕಲಿ ಎನ್ನುವ ಎರಡೂ ವಾದ ನೋಡಿಯೇ ಬರೆಯುತ್ತಿದ್ದೇನೆ.

ನಾನು ಮಾಮೂಲಿ ಸಿಲಿಂಡರಿನ ಡೈವಿಂಗ್ ಕಲಿತದ್ದು ನೇತ್ರಾಣಿಯಲ್ಲಿ. ಮುರ್ಡೇಶ್ವರದಿಂದ ಹೊರಟ ದೋಣಿ ದ್ವೀಪ ಮುಟ್ಟುವಷ್ಟರಲ್ಲಿ ಅರ್ಧ ಜನ ವಾಂತಿ ಮಾಡಿಕೊಂಡಿರುತ್ತಿದ್ದರು. ನೀರು ಒಂದು ದಿನ ತಿಳಿ, ಮರುದಿನ ಕಲಕು. ಕಲಿಸಿದವರು ಮಾತು ಕಡಿಮೆ. ಬಂಡೆಯಿಂದ ಒಂದು ಮೊಳ ಮೇಲೆ ಅಲುಗದೆ ನಿಲ್ಲು ಎಂದು ಸನ್ನೆ ಮಾಡಿ, ಎದುರಿಗೆ ಕೈಕಟ್ಟಿಕೊಂಡು ತೇಲುತ್ತಿದ್ದರು. ಉಸಿರೆಳೆದರೆ ಮೇಲೆ, ಬಿಟ್ಟರೆ ಕೆಳಗೆ. ಮಾಸ್ಕಿಗೆ ನೀರು ತುಂಬಿಸು, ಖಾಲಿ ಮಾಡು, ಮತ್ತೆ ತುಂಬಿಸು. ಮೀನು ನೋಡಲು ಬಂದೆವೋ, ತಪಸ್ಸಿಗೆ ಬಂದೆವೋ ಎಂದು ಗೊಣಗುತ್ತಿದ್ದೆವು.

ವರ್ಷಗಳ ಮೇಲೆ, ಥಾಯ್ಲೆಂಡಿನ ಕೋ ಟಾವ್‌ನಲ್ಲಿ ರೀಬ್ರೀದರ್ ಬೆನ್ನಿಗೇರಿತು. ಎದುರಿಗೊಂದು ಬಂಡೆ, ರೂಢಿಯಂತೆ ಉಸಿರೆಳೆದೆ. ಮೈ ಮೇಲೇಳಲಿಲ್ಲ! ಏಳುವುದಾದರೂ ಹೇಗೆ? ಎದೆಯ ಗಾಳಿ ಯಂತ್ರದ ಉಸಿರುಚೀಲಕ್ಕೆ, ಚೀಲದ್ದು ಎದೆಗೆ. ಒಟ್ಟು ಗಾತ್ರ ಅಷ್ಟೇ. ಹಳೆಯ ಅಭ್ಯಾಸ ಅಂಟುವ ಮೊದಲೇ ಕಲಿಯಬೇಕೆನ್ನುವವರು ಇದನ್ನೇ ಮುಂದಿಡುತ್ತಾರೆ. ಮಾತಿನಲ್ಲಿ ಹುರುಳಿದೆ. ಆದರೆ ಆ ಲೆಕ್ಕ ಕೆಲವೇ ದಿನಗಳಲ್ಲಿ ಹೊಸದಾಗಿ ಕೂತಿತು. ಮಾಸ್ಕು, ಸೆಳೆತ, ಆಳ, ಜೊತೆಗಾರ ಎಲ್ಲವನ್ನೂ ಮೈಯೇ ನೋಡಿಕೊಳ್ಳುತ್ತಿತ್ತು. ಕಣ್ಣಿಗೆ ಆಮ್ಲಜನಕದ ಮೀಟರ್ ನೋಡುವ ಪುರುಸೊತ್ತಿತ್ತು. ನಿನಗೆ ಆ ಪುರುಸೊತ್ತು ಇದೆಯೇ?

ಮಾಮೂಲಿ ಸಿಲಿಂಡರ್ ಕೆಟ್ಟರೆ ಸಾಮಾನ್ಯವಾಗಿ ಸದ್ದು ಮಾಡುತ್ತದೆ, ಗುಳ್ಳೆ ಕಾರುತ್ತದೆ, ಉಸಿರು ಬಿಗಿಯುತ್ತದೆ. ರೀಬ್ರೀದರ್‌ನಲ್ಲಿ ಆಮ್ಲಜನಕ ಇಳಿದರೆ ಉಸಿರು ಹಾಯಾಗಿಯೇ ಇರುತ್ತದೆ, ಪ್ರಜ್ಞೆ ಹೋಗುತ್ತದೆ. ಮಿತಿಮೀರಿ ಏರಿದರೆ ಸೆಳವು. ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾ ಸುಣ್ಣದ ಹರಳನ್ನು ಕೊಳಗಕ್ಕೆ ಅಕ್ಕಿ ತುಂಬುವ ಹಾಗೆ ತಟ್ಟಿ ತಟ್ಟಿ ಡಬ್ಬಿಗೆ ತುಂಬಬೇಕು. ಸಂದು ಉಳಿದರೆ ಗಾಳಿ ಅಲ್ಲಿಂದಲೇ ನುಸುಳುತ್ತದೆ. ಆಮೇಲೆ ಏದುಸಿರು, ಮಂಕು. ಆ ಸ್ಥಿತಿಯಲ್ಲೇ ಬಾಯಲ್ಲಿರುವ ಕೊಳವೆಯನ್ನು ಮುಚ್ಚಿ, ತುರ್ತಿಗೆಂದು ಒಯ್ದ ಬೇಲ್‌ಔಟ್ ಸಿಲಿಂಡರಿನ ಕೊಳವೆ ಕಚ್ಚಿಕೊಳ್ಳಬೇಕು. ರೀಬ್ರೀದರ್ ಡೈವರ್ ಡೇವಿಡ್ ಶಾ ವಿಮಾನದ ಪೈಲಟ್, ಶಿಸ್ತಿನ ಮನುಷ್ಯ. 2005ರಲ್ಲಿ ದಕ್ಷಿಣ ಆಫ್ರಿಕಾದ ಬೂಸ್ಮನ್ಸ್‌ಗಾಟ್ ಗುಹೆಯಲ್ಲಿ, ಸುಮಾರು 270 ಮೀಟರ್ ಆಳದಲ್ಲಿ ಶವವೊಂದನ್ನು ಮೇಲೆ ತರಲು ಹೆಣಗುವಾಗ ಇದೇ ಇಂಗಾಲದ ಡೈಆಕ್ಸೈಡ್ ಅವನನ್ನು ಕೊಂದಿತು. ಆಂಡ್ರ್ಯೂ ಫಾಕ್ 2013ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ರೀಬ್ರೀದರ್‌ನಲ್ಲಿ ಸಾವಿನ ಅಪಾಯ ಮಾಮೂಲಿ ಸ್ಕೂಬಾದ ಸುಮಾರು ಹತ್ತು ಪಟ್ಟು. ಇದೆಲ್ಲ ಗೊತ್ತಿದ್ದೂ, ಗುಳ್ಳೆ ಬರದ ಚಂದದ ವಿಡಿಯೊ ಬೇಕು ಅಂತ ಹೊರಟಿದ್ದೀಯಲ್ಲ, ಬುದ್ಧಿ ಬೇಡವೇ?

ಬೈದುಬಿಟ್ಟೆ. ನೀನು ನೀರಿನಲ್ಲಿ ನನಗಿಂತ ಸಮಾಧಾನಿ, ನೋಡಿದ್ದೇನೆ. ಅದಕ್ಕೇ ನನಗೊಂದು ಆಸೆ. ನೂರು ಡೈವಾದರೂ ಆಗಲಿ, ಅದರಲ್ಲೂ ಸೆಳೆತ, ಕಲಕು ನೀರು, ಬೇರೆ ಬೇರೆ ಕಡಲು ಇರಲಿ. ರೆಸ್ಕ್ಯೂ ಕೋರ್ಸ್ ಮುಗಿಸು. ರೀಬ್ರೀದರ್ ಕೋರ್ಸಿನ ದಿನ ಮುಂದೂಡಲು ಕೇಳು. ಒಪ್ಪದಿದ್ದರೆ ಆ ದುಡ್ಡು ನಾನು ಕೊಡುತ್ತೇನೆ. ಮಳೆಗಾಲ ಮುಗಿಯಲಿ, ನೇತ್ರಾಣಿಗೆ ಒಟ್ಟಿಗೆ ಹೋಗೋಣ. ಈ ಕಾಗದ ಮಾತ್ರ ಅಮ್ಮನ ಕೈಗೆ ಸಿಗದಿರಲಿ, ಸತ್ತವರ ವಿಷಯ ಓದಿದರೆ ಅವಳು ಅಲ್ಲಿಗೂ ಬಿಡುವವಳಲ್ಲ.

ನಿನ್ನ,
ಸೋದರಮಾವ